‘ದೆಹಲಿ ಕ್ರೈಂ’ ಎರಡನೇ ಸೀಸನ್: ಕೊಲೆಗಾರ ಸಿಗುವ ಮೊದಲೇ ಸಿದ್ಧವಾಗಿದ್ದ ಪಟ್ಟಿ

ಚರ್ಚೆ ಆರಂಭಿಸಿದವರು

‘ದೆಹಲಿ ಕ್ರೈಂ’ ಎಂದೊಡನೆ ಬಹುತೇಕರಿಗೆ ನೆನಪಾಗುವುದು 2019ರ ಮಾರ್ಚ್‌ನಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಂದ ಮೊದಲ ಸೀಸನ್. ರಿಚಿ ಮೆಹ್ತಾ ನಿರ್ದೇಶಿಸಿದ ಆ ಏಳು ಕಂತುಗಳು 2012ರ ಡಿಸೆಂಬರ್ 16ರ ರಾತ್ರಿ ದೆಹಲಿಯ ಬಸ್ಸಿನಲ್ಲಿ ನಡೆದ ಸಾಮೂಹಿಕ ಅತ್ಯಾಚಾರದ ತನಿಖೆಯನ್ನು ಪೊಲೀಸರ ಬೆನ್ನಿಗೇ ನಿಂತು ನೋಡಿದಂತೆ ಹೇಳಿದವು; 2020ರಲ್ಲಿ ಅಂತರರಾಷ್ಟ್ರೀಯ ಎಮ್ಮಿ ಪ್ರಶಸ್ತಿಯೂ ಅದಕ್ಕೆ ಬಂತು. 2022ರ ಆಗಸ್ಟ್‌ನಲ್ಲಿ ಬಂದ, ತನುಜ್ ಚೋಪ್ರಾ ನಿರ್ದೇಶನದ ಎರಡನೇ ಸೀಸನ್‌ನಲ್ಲಿ ಐದೇ ಕಂತುಗಳಿವೆ. ರಾಜಕೀಯವಾಗಿ ಹೆಚ್ಚು ಗಟ್ಟಿಯಾದ ಮಾತನ್ನು ಆಡಿರುವುದು ಈ ಎರಡನೆಯದೇ ಎಂಬುದು ನನ್ನ ಅಭಿಪ್ರಾಯ. ಅದನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಚರ್ಚೆಗೆ ಇಡುತ್ತಿದ್ದೇನೆ. ಇನ್ನೂ ನೋಡದವರು ಗಮನಿಸಬೇಕು, ಕಥೆಯ ಕೊನೆಯನ್ನು ಹೇಳದೆ ಈ ಚರ್ಚೆ ಸಾಧ್ಯವಿಲ್ಲ.

ದಕ್ಷಿಣ ದೆಹಲಿಯ ಶ್ರೀಮಂತ ಬಡಾವಣೆಗಳಲ್ಲಿ, ಮಕ್ಕಳು ಹತ್ತಿರವಿಲ್ಲದ ವೃದ್ಧ ದಂಪತಿಗಳು ತಮ್ಮ ಮನೆಗಳಲ್ಲೇ ಬರ್ಬರವಾಗಿ ಕೊಲೆಯಾಗುತ್ತಾರೆ. ಸುತ್ತಿಗೆಯ ಏಟುಗಳು, ದೋಚಿದ ಕಪಾಟುಗಳು, ಒಳ ಉಡುಪಿನಲ್ಲಿ ಮೈಗೆ ಎಣ್ಣೆ ಬಳಿದುಕೊಂಡು ಬಂದವರ ಸುಳಿವು. ‘ಕಚ್ಚಾ ಬನಿಯನ್ ಗ್ಯಾಂಗ್’ ಮತ್ತೆ ಬಂದಿದೆ ಎಂಬ ಸುದ್ದಿ ವಾಹಿನಿಗಳಲ್ಲಿ ಹಬ್ಬುತ್ತದೆ. ಆ ಗ್ಯಾಂಗಿನ ಹೆಸರು ಬಂದ ಕ್ಷಣದಿಂದ ತನಿಖೆಗೆ ಒಂದು ದಿಕ್ಕು ತಾನಾಗಿಯೇ ಒದಗಿಬಿಡುತ್ತದೆ: ವಿಮುಕ್ತ ಬುಡಕಟ್ಟುಗಳ, ಅಂದರೆ ಬ್ರಿಟಿಷರ ಕಾಲದಲ್ಲಿ ‘ಅಪರಾಧಿ’ ಎಂದು ಪಟ್ಟಿಯಾಗಿದ್ದ ಸಮುದಾಯಗಳ ಬಸ್ತಿಗಳು. ಅವರ ‘ಸ್ವಭಾವ’ ಬಲ್ಲವರೆಂದು ವೀರೇನ್ ಚಡ್ಡಾ ಎಂಬ ನಿವೃತ್ತ ಅಧಿಕಾರಿಯನ್ನು ಕರೆಸಲಾಗುತ್ತದೆ. ಡ್ಯಾನಿಶ್ ಹುಸೇನ್ ಈ ಪಾತ್ರವನ್ನು ಕಿಂಚಿತ್ತೂ ಅಬ್ಬರವಿಲ್ಲದೆ ನಿರ್ವಹಿಸಿದ್ದಾರೆ. ಅನುಭವಿ ವೈದ್ಯನೊಬ್ಬ ರೋಗಲಕ್ಷಣ ಹೇಳುವ ಧಾಟಿಯಲ್ಲಿ ಆತ ಒಂದು ಇಡೀ ಜನಸಮುದಾಯವನ್ನು ಹುಟ್ಟು ಅಪರಾಧಿಗಳೆಂದು ವಿವರಿಸುತ್ತಾನೆ. ಸುತ್ತ ನಿಂತವರಲ್ಲಿ ಕೆಲವರಿಗೆ ಇರಿಸುಮುರಿಸಾದರೂ ಕೆಲಸ ಮಾತ್ರ ನಿಲ್ಲುವುದಿಲ್ಲ. ಮೇಲಿನಿಂದ ಒತ್ತಡವಿದೆ, ಆಯುಕ್ತರಿಗೆ ಬಂಧನಗಳು ಬೇಕಾಗಿವೆ, ಬಸ್ತಿಯ ಗಂಡಸರು ಠಾಣೆಗೆ ಬಂದು ಬೀಳುತ್ತಾರೆ.

ಕೊನೆಗೆ ತಿಳಿಯುವುದೇನೆಂದರೆ ಕೊಲೆ ಮಾಡಿದವರು ಆ ಗ್ಯಾಂಗಿನ ವೇಷವನ್ನು ಎರವಲು ಪಡೆದ ಬೇರೆಯೇ ಜನ. ತಿಲೋತ್ತಮಾ ಶೋಮ್ ನಟಿಸಿರುವ ಲತಾ ಅವರ ನಾಯಕಿ. ಬ್ಯೂಟಿ ಪಾರ್ಲರ್ ಕೆಲಸದಾಕೆ, ಸ್ವಂತ ಪಾರ್ಲರ್ ತೆರೆಯುವ ಹಂಬಲವುಳ್ಳವಳು. ಈ ತಿರುವನ್ನು ಬರೀ ಪತ್ತೇದಾರಿ ಕಥೆಯ ಚಮತ್ಕಾರವೆಂದು ನೋಡಿದರೆ ಸರಣಿಯ ಜೀವಾಳ ಕೈತಪ್ಪುತ್ತದೆ. ಪೊಲೀಸರ ಪೂರ್ವಗ್ರಹ ಯಾವ ದಿಕ್ಕಿಗೆ ಓಡುತ್ತದೆ ಎಂಬುದು ಲತಾಳಂತಹವರಿಗೂ ಗೊತ್ತಿರುವಷ್ಟು ಸಾರ್ವಜನಿಕವಾದದ್ದು. ಹಾಗೆಂದೇ ಅವರು ಆ ವೇಷ ತೊಡುತ್ತಾರೆ. ಒಂದು ಸಮುದಾಯವನ್ನು ಶಂಕಿಸುವ ರೂಢಿಯು ಆ ಸಮುದಾಯದವರನ್ನು ಹಿಂಸಿಸುವುದರ ಜೊತೆಗೆ ನಿಜವಾದ ಕೊಲೆಗಾರರಿಗೆ ಮರೆಯಾಗಿ ನಿಲ್ಲುತ್ತದೆ, ಅಷ್ಟು ಹೊತ್ತಿಗೆ ಇನ್ನೊಂದು ಮನೆಯಲ್ಲಿ ಹೆಣ ಬಿದ್ದಿರುತ್ತದೆ. ಇಷ್ಟು ಸ್ಪಷ್ಟವಾಗಿ ಈ ಮಾತನ್ನು ಹೇಳಿದ ಬೇರೊಂದು ಭಾರತೀಯ ಅಪರಾಧ ಸರಣಿಯನ್ನು ನಾನು ನೋಡಿಲ್ಲ.

ಸರಣಿಯ ನಿಜವಾದ ಖಳನಾಯಕ ಚಡ್ಡಾ ಅಲ್ಲ, ಲತಾಳೂ ಅಲ್ಲ; ಠಾಣೆಯಲ್ಲಿ ಮೊದಲೇ ಸಿದ್ಧವಿರುವ ಆ ಹೆಸರುಗಳ ಪಟ್ಟಿ ಎಂದು ನನಗೆ ಅನಿಸುತ್ತದೆ. ತಮಗೇನನಿಸಿತು, ದಯವಿಟ್ಟು ಬರೆಯಿರಿ.

ನಿವೃತ್ತ ಕಾನೂನು ಅಧ್ಯಾಪಕಿ

ಬರಹಕ್ಕೆ ಧನ್ಯವಾದಗಳು, ಸರ್. ತಮ್ಮ ಓದನ್ನು ಬಹುಮಟ್ಟಿಗೆ ಒಪ್ಪುತ್ತೇನೆ, ಆದರೆ ಒಂದು ಮುಖ್ಯ ತಕರಾರಿದೆ. ಅದನ್ನು ಹೇಳುವ ಮೊದಲು ಆ ಪಟ್ಟಿಯ ಹುಟ್ಟನ್ನು ಸ್ವಲ್ಪ ನೋಡಬೇಕು.

1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆಯು ಮೊದಲು ಉತ್ತರ ಭಾರತದಲ್ಲಿ ಜಾರಿಗೆ ಬಂದು, 1911ರ ಹೊಸ ಕಾಯ್ದೆಯ ಮೂಲಕ ಮದರಾಸು ಮತ್ತು ಮುಂಬೈ ಪ್ರಾಂತ್ಯಗಳಿಗೂ ಹಬ್ಬಿತು. 1924ರಲ್ಲಿ ಎಲ್ಲವನ್ನೂ ಒಗ್ಗೂಡಿಸಿ ಮತ್ತೆ ಶಾಸನ ಮಾಡಲಾಯಿತು. ಒಂದು ಸಮುದಾಯವನ್ನು ಅಪರಾಧಿ ಬುಡಕಟ್ಟು ಎಂದು ಸರ್ಕಾರ ಅಧಿಸೂಚನೆ ಹೊರಡಿಸಿದರೆ ಅದನ್ನು ಯಾವ ನ್ಯಾಯಾಲಯವೂ ಪ್ರಶ್ನಿಸುವಂತಿರಲಿಲ್ಲ. ಹೆಸರು ನೋಂದಾಯಿಸಬೇಕು, ಬೆರಳಚ್ಚು ಕೊಡಬೇಕು, ಗೊತ್ತುಪಡಿಸಿದ ಹೊತ್ತಿಗೆ ಹಾಜರಿ ಹಾಕಬೇಕು, ಊರು ಬಿಡುವುದಾದರೆ ಮುಂಚಿತವಾಗಿ ತಿಳಿಸಬೇಕು. ಯಾರಿಗೂ ಏನೂ ಮಾಡದ ಮನುಷ್ಯನಿಗೂ ಇದೇ ಕಟ್ಟಳೆ, ಏಕೆಂದರೆ ಆತ ಆ ಕುಲದಲ್ಲಿ ಹುಟ್ಟಿದ್ದಾನೆ. ಅನಂತಶಯನಂ ಅಯ್ಯಂಗಾರ್ ಸಮಿತಿಯ ಶಿಫಾರಸಿನ ನಂತರ 1952ರ ಆಗಸ್ಟ್ 31ರಂದು ಈ ಕಾಯ್ದೆ ರದ್ದಾಯಿತು. ‘ವಿಮುಕ್ತ’ ಎಂದು ಈ ಸಮುದಾಯಗಳನ್ನು ಕರೆಯುವುದು ಆ ದಿನದಿಂದ. ಆದರೆ ಅದರ ಹಿಂದುಮುಂದಿನ ವರ್ಷಗಳಲ್ಲಿ ರಾಜ್ಯ ರಾಜ್ಯಗಳಲ್ಲಿ ರೂಢಿಗತ ಅಪರಾಧಿಗಳ ಕಾಯ್ದೆಗಳು ಬಂದವು. ಕರ್ನಾಟಕದ್ದು 1961ರದು. ಸಮುದಾಯದ ಜಾಗದಲ್ಲಿ ವ್ಯಕ್ತಿ ಬಂದ ಎಂಬುದು ಕಾಗದದ ಮೇಲಿನ ಬದಲಾವಣೆ. ಠಾಣೆಯ ದಫ್ತರಿನಲ್ಲಿ ಹೆಸರುಗಳು ಅವೇ ಕೇರಿಗಳಿಂದ ಬರುತ್ತಲೇ ಇದ್ದವು. ಈ ಕಾಯ್ದೆಗಳನ್ನು ತೆಗೆದುಹಾಕಬೇಕೆಂದು ವಿಶ್ವಸಂಸ್ಥೆಯ ಜನಾಂಗೀಯ ತಾರತಮ್ಯ ನಿವಾರಣಾ ಸಮಿತಿಯೂ 2007ರಲ್ಲಿ ಹೇಳಿತು.

ಈಗ ತಕರಾರು. ಪೂರ್ವಗ್ರಹದ ಮಾತುಗಳನ್ನೆಲ್ಲ ಸರಣಿಯು ಒಬ್ಬ ನಿವೃತ್ತ ಅಧಿಕಾರಿಯ ಬಾಯಿಗೆ ಹಾಕಿದೆ. ಆತ ಹಳೆಯ ತಲೆಮಾರಿನವನು, ಹೊರಗಿನಿಂದ ಬಂದವನು, ಕೆಲಸ ಮುಗಿದ ಮೇಲೆ ಹೊರಗೆ ಕಳಿಸಬಹುದಾದವನು. ಹಾಗಾಗಿ ಆತ ಹೊರಟುಹೋದಾಗ ಪ್ರೇಕ್ಷಕರಿಗೆ ಇಲಾಖೆ ಶುದ್ಧವಾದಂತೆ ಒಂದು ಸಮಾಧಾನ ಸಿಕ್ಕಿಬಿಡುತ್ತದೆ. ಸೇವೆಯಲ್ಲಿರುವ, ಪ್ರಾಮಾಣಿಕ ಹಾಗೂ ದಕ್ಷ ಅಧಿಕಾರಿಯೊಬ್ಬಳು ಅದೇ ದಫ್ತರನ್ನು ಯಾವ ಅನುಮಾನವೂ ಇಲ್ಲದೆ ತೆರೆದು ನೋಡಿದ್ದರೆ ಅದು ಹೆಚ್ಚು ಸತ್ಯವಾಗಿರುತ್ತಿತ್ತು. ತನಿಖೆಯ ನೇತೃತ್ವ ವಹಿಸುವ ಡಿಸಿಪಿ ವರ್ತಿಕಾಳ ಅಂತಃಸಾಕ್ಷಿಗೆ ಸರಣಿ ಕೊಟ್ಟಷ್ಟು ಸಮಯವನ್ನು ಬಂಧಿತರ ಬದುಕಿಗೆ ಕೊಟ್ಟಿಲ್ಲ. ಅವರ ಪರವಾಗಿ ಮಾತಾಡುವ ವಕೀಲರ ಪಾತ್ರ ಇದೆ, ನಿಜ. ಆದರೆ ಆ ಮಾತೂ ನಮಗೆ ತಲುಪುವುದು ಪೊಲೀಸರ ಕಿವಿಯ ಮೂಲಕವೇ.

ಇದಕ್ಕೆ ಕಾರಣ ಆಕರದಲ್ಲೇ ಇದೆ. ಎರಡನೇ ಸೀಸನ್‌ಗೆ ಪ್ರೇರಣೆ ದೆಹಲಿಯ ಮಾಜಿ ಪೊಲೀಸ್ ಆಯುಕ್ತ ನೀರಜ್ ಕುಮಾರ್ ಅವರ ಪುಸ್ತಕದ ಒಂದು ಅಧ್ಯಾಯ. 2012ರ ಪ್ರಕರಣದ ಕಾಲದಲ್ಲಿ ಆಯುಕ್ತರಾಗಿದ್ದವರೂ ಅವರೇ. ಈ ಎರಡೂ ಸೀಸನ್‌ಗಳು ಪೊಲೀಸರ ಕಪಾಟಿನಿಂದ ಹೊರಟ ಕಥೆಗಳು. ಅಷ್ಟರ ಮೇಲೂ ಅವು ಇಷ್ಟು ದೂರ ಬಂದಿವೆ ಎಂಬುದನ್ನು ನಾನು ಮನಸಾರೆ ಮೆಚ್ಚುತ್ತೇನೆ.

ದೆಹಲಿ ಕನ್ನಡಿಗ

ಇಲ್ಲಿ ಬದುಕುವವರಿಗೆ ತಕ್ಷಣ ತಟ್ಟುವ ಎರಡು ಸಂಗತಿಗಳನ್ನು ಸೇರಿಸುತ್ತೇನೆ.

ಮೊದಲನೆಯದು, ದೆಹಲಿಯ ಪೊಲೀಸರು ಯಾರಿಗೆ ಉತ್ತರದಾಯಿಗಳು ಎಂಬುದು. 1991ರ ಸಂವಿಧಾನ ತಿದ್ದುಪಡಿಯ ಪ್ರಕಾರ ಪೊಲೀಸ್, ಸಾರ್ವಜನಿಕ ಸುವ್ಯವಸ್ಥೆ ಮತ್ತು ಭೂಮಿ ದೆಹಲಿ ವಿಧಾನಸಭೆಯ ವ್ಯಾಪ್ತಿಯಲ್ಲಿಲ್ಲ. ಆಯುಕ್ತರು ಕೆಲಸ ಮಾಡುವುದು ಕೇಂದ್ರ ಗೃಹ ಸಚಿವಾಲಯದ ಅಧೀನದಲ್ಲಿ. ಬೀದಿಯಲ್ಲಿ ಜನ ಸೇರಿದಾಗ ಮುಖ್ಯಮಂತ್ರಿ ಪೊಲೀಸರನ್ನು ದೂರುತ್ತಾರೆ, ಪೊಲೀಸರು ಮೌನವಾಗಿ ಬೇರೆ ಕಡೆ ನೋಡುತ್ತಾರೆ, ಕಾನ್‌ಸ್ಟೆಬಲ್ ಮಾತ್ರ ಬ್ಯಾರಿಕೇಡಿನ ಮುಂದೆ ನಿಂತಿರುತ್ತಾನೆ. ಮೊದಲ ಸೀಸನ್‌ನಲ್ಲಿ ಆಯುಕ್ತ ಕುಮಾರ್ ವಿಜಯ್ ಪಾತ್ರದ (ಆದಿಲ್ ಹುಸೇನ್) ಮೇಲೆ ಬೀಳುವ ರಾಜಕೀಯ ಒತ್ತಡದ ಬೇರು ಇದೇ ವ್ಯವಸ್ಥೆಯಲ್ಲಿದೆ. ಎರಡನೆಯದರಲ್ಲಿ ಅದೇ ಆಯುಕ್ತರು ತಮ್ಮ ಮೇಲಿನ ಭಾರವನ್ನು ಬಸ್ತಿಗಳ ಮೇಲೆ ಇಳಿಸುತ್ತಾರೆ. ಅವರನ್ನು ಕೆಟ್ಟ ಮನುಷ್ಯನನ್ನಾಗಿ ಚಿತ್ರಿಸದೆ ಇರುವುದು ಸರಣಿಯ ದೊಡ್ಡ ಗುಣ.

ಎರಡನೆಯದು, ಮನೆಗೆಲಸದವರ ಪರಿಶೀಲನೆ. ಇಲ್ಲಿ ಮನೆಗೆಲಸಕ್ಕೆ ಹೆಂಗಸೊಬ್ಬಳನ್ನು ಇಟ್ಟುಕೊಂಡರೆ ಆಕೆಯ ಫೋಟೊ, ಊರಿನ ವಿಳಾಸ ಎಲ್ಲವನ್ನೂ ಠಾಣೆಗೆ ಕೊಡಬೇಕೆಂದು ಪೊಲೀಸರೂ ಬಡಾವಣೆಯ ನಿವಾಸಿಗಳ ಸಂಘಗಳೂ ಹೇಳುತ್ತಲೇ ಇರುತ್ತವೆ. ಕೆಲಸಕ್ಕೆ ಇಟ್ಟುಕೊಳ್ಳುವವನ ಬಗ್ಗೆ ಆಕೆಗೆ ಯಾರೂ ಯಾವ ಕಾಗದವನ್ನೂ ಕೊಡುವುದಿಲ್ಲ. ಬುಡಕಟ್ಟಿನ ಪಟ್ಟಿಯ ಪಕ್ಕದಲ್ಲೇ ಇನ್ನೊಂದು ಪಟ್ಟಿ ಬೆಳೆಯುತ್ತಿದೆ. ಸರಣಿಯಲ್ಲಿ ಕೊಲೆಯಾದವರ ಮನೆಗಳ ವಿಸ್ತಾರವನ್ನೂ ಅಲ್ಲಿ ಕೆಲಸ ಮಾಡುವವರು ವಾಸಿಸುವ ಕೋಣೆಗಳನ್ನೂ ಕ್ಯಾಮೆರಾ ಮತ್ತೆ ಮತ್ತೆ ಅಕ್ಕಪಕ್ಕ ತರುತ್ತದೆ. ಅದನ್ನು ನೋಡುವಾಗ ನಮ್ಮ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಕೆಲಸದವರ ಚೀಲ ತಡಕುವ ಕಾವಲುಗಾರ, ನನ್ನ ಕಾರಿಗೆ ಮಾತ್ರ ಸೆಲ್ಯೂಟ್ ಹೊಡೆಯುವುದು ಕಣ್ಮುಂದೆ ಬಂತು.

ಹುಬ್ಬಳ್ಳಿಯ ಓದುಗ

ಈ ಚರ್ಚೆ ದೆಹಲಿಯಲ್ಲೇ ನಿಲ್ಲಬಾರದು ಎಂದು ಬರೆಯುತ್ತಿದ್ದೇನೆ. ನಮ್ಮ ಹುಬ್ಬಳ್ಳಿಯಲ್ಲಿ ‘ಸೆಟ್ಲಮೆಂಟ್’ ಎಂಬ ಪ್ರದೇಶವಿದೆ, ಗದಗ-ಬೆಟಗೇರಿಯಲ್ಲಿದೆ, ವಿಜಯಪುರದಲ್ಲಿದೆ. ಆಟೋದವರಿಗೆ ಹೇಳಿದರೆ ನೇರ ಕರೆದುಕೊಂಡು ಹೋಗುತ್ತಾರೆ. ಆ ಹೆಸರು ಎಲ್ಲಿಂದ ಬಂತೆಂಬುದು ಊರಿನಲ್ಲೇ ಹುಟ್ಟಿ ಬೆಳೆದ ಅನೇಕರಿಗೆ ತಿಳಿಯದು. ಮೇಡಂ ವಿವರಿಸಿದ ಕಾಯ್ದೆಯಡಿ ಮುಂಬೈ ಪ್ರಾಂತ್ಯದ ಸರ್ಕಾರ ‘ಅಪರಾಧಿ’ ಎಂದು ಗುರುತಿಸಿದ ಸಮುದಾಯಗಳನ್ನು ತಂದು ಕೂಡಿಹಾಕಿದ ವಸಾಹತುಗಳು ಅವು. ಸ್ಟಾರ್ಟೆ ಎಂಬ ಐಸಿಎಸ್ ಅಧಿಕಾರಿ ಪ್ರಾಂತ್ಯದ ಈ ಎಲ್ಲ ವಸಾಹತುಗಳ ಉಸ್ತುವಾರಿ ಹೊತ್ತಿದ್ದರು. ಬೇಲಿಯೊಳಗೆ ಮನೆ, ದಿನವೂ ಹಾಜರಿ, ಹೊರಗೆ ಹೋಗಲು ಪಾಸು. ಗಿರಣಿಗಳಿಗೆ ಅಗ್ಗದ ಕೂಲಿಗಳು ಬೇಕಾಗಿದ್ದರು, ಸರ್ಕಾರಕ್ಕೆ ಈ ಜನರನ್ನು ಒಂದೆಡೆ ಕಟ್ಟಿಹಾಕಬೇಕಾಗಿತ್ತು; ಎರಡೂ ಅಗತ್ಯಗಳು ಹುಬ್ಬಳ್ಳಿಯಲ್ಲಿ ಕೂಡಿಬಂದವು.

ನಮ್ಮ ಭಾಗದ ಕೊರಮರು, ಕೊರಚರು ಎತ್ತು ಕತ್ತೆಗಳ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ಕರಾವಳಿಗೂ ಬಯಲುಸೀಮೆಗೂ ನಡುವೆ ವ್ಯಾಪಾರ ಮಾಡುತ್ತಿದ್ದವರು. ರೈಲು ಬಂತು, ಉಪ್ಪಿನ ಮೇಲೆ ಸರ್ಕಾರದ ಹಿಡಿತ ಬಿಗಿಯಾಯಿತು, ಆ ವ್ಯಾಪಾರ ಮುರಿದುಬಿತ್ತು. ಅನ್ನ ಕಿತ್ತುಕೊಂಡ ಸರ್ಕಾರವೇ ಅಲೆದಾಟವನ್ನು ಅಪರಾಧದ ಲಕ್ಷಣವೆಂದು ಬರೆದುಕೊಂಡಿತು. ಗಂಟಿಚೋರರು, ಕಂಜರಭಾಟರು, ವಿಜಯಪುರದ ಛಪ್ಪರಬಂದರು, ಹೀಗೆ ಆ ಪಟ್ಟಿ ಬೆಳೆಯಿತು.

ಮುಂಬೈ ಪ್ರಾಂತ್ಯದಲ್ಲಿ 1949ರಲ್ಲೇ ಈ ಕಾಯ್ದೆ ಹೋಯಿತು. ನನಗೆ ಪರಿಚಯವಿರುವ ಹಿರಿಯರೊಬ್ಬರ ಅಜ್ಜಿ, ಬೇಲಿ ಹೋದ ಎಷ್ಟೋ ವರ್ಷಗಳ ಮೇಲೂ, ನೆಂಟರ ಮದುವೆಗೆಂದು ಬೇರೆ ಊರಿಗೆ ಹೊರಡುವ ಮುನ್ನ ‘ಸಾಹೇಬರಿಗೆ ಹೇಳೀರೇನಪಾ?’ ಎಂದು ಮನೆಯವರನ್ನು ಕೇಳುತ್ತಿದ್ದರಂತೆ. ಅದೇ ಮನೆಯ ಹುಡುಗ ಈಗ ಡಿಗ್ರಿ ಮುಗಿಸಿ ಕೆಲಸ ಹುಡುಕುವಾಗ ವಿಳಾಸದ ಜಾಗದಲ್ಲಿ ಬಡಾವಣೆಯ ಹೆಸರನ್ನು ಬರೆಯದೆ ಬರೀ ಅಡ್ಡರಸ್ತೆಯ ಸಂಖ್ಯೆ ಬರೆಯುತ್ತಾನೆ. ಸರಣಿಯಲ್ಲಿ ಬಸ್ತಿಯ ಗಂಡಸರನ್ನು ಜೀಪಿಗೆ ಹತ್ತಿಸುವುದನ್ನು ನೋಡಿದಾಗ ನನಗೆ ಅದು ದೂರದ ದೆಹಲಿಯ ಕಥೆ ಎನಿಸಲೇ ಇಲ್ಲ.

ಒಂದು ದೂರು ನನ್ನದೂ ಇದೆ. ಎಣ್ಣೆ ಬಳಿದ ಮೈಗಳು ಕತ್ತಲಲ್ಲಿ ಮಿನುಗುವ ದೃಶ್ಯಗಳನ್ನು ಸರಣಿ ಬಹಳ ಆಸೆಯಿಂದ ತೋರಿಸುತ್ತದೆ. ಕಡೆಗೆ ‘ಅವರಲ್ಲ’ ಎಂದು ಹೇಳಿದರೂ ನೋಡಿದವರ ಮನಸ್ಸಿನಲ್ಲಿ ಉಳಿಯುವುದು ಆ ಭಯದ ಚಿತ್ರವೇ. ಆ ಸಮುದಾಯದ ಹೆಂಗಸೊಬ್ಬಳು ಬೆಳಗ್ಗೆ ಎದ್ದು ಒಲೆ ಹಚ್ಚುವುದನ್ನು, ಮಗುವನ್ನು ಶಾಲೆಗೆ ಕಳಿಸುವುದನ್ನು ಐದು ಕಂತುಗಳಲ್ಲಿ ಒಂದೈದು ನಿಮಿಷವಾದರೂ ತೋರಿಸಬಹುದಿತ್ತು.

ಪೊಲೀಸ್ ಕುಟುಂಬದವರು

ಇಲ್ಲಿನ ಚರ್ಚೆಯನ್ನು ಗೌರವದಿಂದ ಓದಿದೆ. ನನ್ನ ತಂದೆ ಹೆಡ್ ಕಾನ್‌ಸ್ಟೆಬಲ್ ಆಗಿ ನಿವೃತ್ತರಾದವರು. ಇನ್ನೊಂದು ಮಗ್ಗುಲನ್ನೂ ಹೇಳಬೇಕೆನಿಸಿತು.

ಕಳ್ಳತನ ನಡೆದ ರಾತ್ರಿ ಠಾಣೆಯಲ್ಲಿ ಇರುವುದು ಬೆರಳೆಣಿಕೆಯ ಸಿಬ್ಬಂದಿ. ಬೀಗ ಮುರಿದ ರೀತಿ, ಒಳನುಗ್ಗಿದ ದಾರಿ, ಹೊತ್ತು, ಇವುಗಳನ್ನು ನೋಡಿ ಹಿಂದೆ ಹಾಗೆ ಮಾಡಿದವರು ಯಾರೆಂದು ಎಂಓಬಿ (ಅಪರಾಧದ ವಿಧಾನಗಳನ್ನು ದಾಖಲಿಸುವ ಪೊಲೀಸ್ ವಿಭಾಗ) ದಾಖಲೆಗಳಲ್ಲಿ ಹುಡುಕುವುದು ತನಿಖೆಯ ಮೊದಲ ಹೆಜ್ಜೆ. ಇದನ್ನೂ ಪೂರ್ವಗ್ರಹವೆಂದರೆ ಕೆಲಸ ಸಾಗುವುದು ಹೇಗೆ? ಒಳ ಉಡುಪಿನಲ್ಲಿ ಬಂದು ದರೋಡೆ ಮಾಡುವ ಗುಂಪುಗಳು ನಿಜವಾಗಿಯೂ ಇವೆ, ಜನ ನಿಜವಾಗಿಯೂ ಸತ್ತಿದ್ದಾರೆ. ಸಂಜೆಯೊಳಗೆ ಏನಾದರೂ ತೋರಿಸಿ ಎಂದು ಮೇಲಧಿಕಾರಿಗಳು ಹೇಳಿದಾಗ ಕೆಳಗಿನವನಿಗೆ ಇರುವ ದಾರಿಗಳು ಬಹಳ ಕಡಿಮೆ. ವರ್ತಿಕಾಳ ತಂಡದ ಭೂಪೇಂದ್ರ ಸಿಂಗ್ ಪಾತ್ರದಲ್ಲಿ ರಾಜೇಶ್ ತೈಲಂಗ್ ಆ ದಣಿವನ್ನು ಮುಖದಲ್ಲೇ ತೋರಿಸಿದ್ದಾರೆ. ನನ್ನ ತಂದೆ ಹಬ್ಬದ ದಿನ ಮನೆಗೆ ಬಂದು ಬೂಟು ಬಿಚ್ಚದೆ ನಿದ್ದೆ ಹೋಗುತ್ತಿದ್ದುದು ಆ ಮುಖದಲ್ಲಿ ನನಗೆ ಕಂಡಿತು.

ನಿವೃತ್ತ ಕಾನೂನು ಅಧ್ಯಾಪಕಿ

ತಾವು ಎತ್ತಿದ ಪ್ರಶ್ನೆ ನ್ಯಾಯವಾದದ್ದು. ಅಪರಾಧದ ವಿಧಾನವನ್ನು ದಾಖಲಿಸಿಕೊಳ್ಳುವುದಕ್ಕೆ ಯಾರ ಆಕ್ಷೇಪವೂ ಇಲ್ಲ. ಬೀಗವನ್ನು ಹೀಗೆ ಮುರಿದು ಶಿಕ್ಷೆಗೊಳಗಾದ ಇಂಥ ವ್ಯಕ್ತಿ ಎಂದು ಬರೆದುಕೊಳ್ಳುವುದು ಒಂದು. ಬೀಗ ಮುರಿದಿದೆ, ಆದ್ದರಿಂದ ಇಂಥ ಕುಲದ ಕೇರಿಗೆ ಜೀಪು ಕಳಿಸಿ ಎನ್ನುವುದು ಮತ್ತೊಂದು. ಸರಣಿಯಲ್ಲಿ ನಡೆಯುವುದು ಎರಡನೆಯದು. ಅಲ್ಲಿ ಹಿಡಿದು ತಂದವರ ಮೇಲೆ ಕೊಲೆಗೆ ಸಂಬಂಧಿಸಿದ ಸಾಕ್ಷ್ಯವನ್ನು ಯಾರೂ ಮೊದಲು ಕೇಳುವುದೇ ಇಲ್ಲ.

ಈ ಗೆರೆಯನ್ನು ಸುಪ್ರೀಂ ಕೋರ್ಟ್ ಈಗ ಸ್ಪಷ್ಟವಾಗಿಯೇ ಎಳೆದಿದೆ, ಅದೂ ದೆಹಲಿ ಪೊಲೀಸರ ದಾಖಲೆಯನ್ನೇ ಮುಂದಿಟ್ಟುಕೊಂಡು. 2024ರ ಮೇ ತಿಂಗಳ ಅಮಾನತುಲ್ಲಾ ಖಾನ್ ಪ್ರಕರಣ ಶಾಸಕರೊಬ್ಬರ ಹಿಸ್ಟರಿ ಶೀಟಿಗೆ, ಅಂದರೆ ನಿಗಾ ಇಡಲು ಪೊಲೀಸರು ತೆರೆಯುವ ಕಡತಕ್ಕೆ ಸಂಬಂಧಿಸಿದ್ದು. ಆ ಶೀಟಿನಲ್ಲಿ ಅಪ್ರಾಪ್ತ ವಯಸ್ಸಿನ ಮಕ್ಕಳ ವಿವರಗಳೂ ಸೇರಿದ್ದವು. ನ್ಯಾಯಾಲಯವು ಆ ಒಂದು ಪ್ರಕರಣಕ್ಕೆ ಸೀಮಿತವಾಗದೆ, ಹಿಂದುಳಿದ ಸಮುದಾಯಗಳು ಮತ್ತು ಪರಿಶಿಷ್ಟರ ಮುಗ್ಧ ಜನರ ಹೆಸರುಗಳು ಹಿಸ್ಟರಿ ಶೀಟಿಗೆ ಯಾಂತ್ರಿಕವಾಗಿ ಸೇರುವುದನ್ನು ತಡೆಯಬೇಕೆಂದು ಎಲ್ಲ ರಾಜ್ಯಗಳಿಗೂ ಸೂಚಿಸಿತು. ಅದೇ ವರ್ಷದ ಅಕ್ಟೋಬರ್ 3ರಂದು ಸುಕನ್ಯಾ ಶಾಂತಾ ಪ್ರಕರಣದಲ್ಲಿ, ಜೈಲಿನೊಳಗೆ ಜಾತಿ ನೋಡಿ ಕೆಲಸ ಹಂಚುವ ನಿಯಮಗಳನ್ನು ರದ್ದುಪಡಿಸುವಾಗ, ವಿಮುಕ್ತ ಬುಡಕಟ್ಟುಗಳವರನ್ನು ರೂಢಿಗತ ಅಪರಾಧಿಗಳೆಂದು ಕಾಣುವ ಕೈಪಿಡಿಗಳನ್ನೂ ಅದು ಅಸಾಂವಿಧಾನಿಕವೆಂದು ಸಾರಿತು. ಅವರನ್ನು ಮನಬಂದಂತೆ ಬಂಧಿಸಬಾರದೆಂದು ಪೊಲೀಸರಿಗೆ ನಿರ್ದೇಶನವನ್ನೂ ಕೊಟ್ಟಿತು. ಸರಣಿ ಬಂದದ್ದು ಈ ತೀರ್ಪುಗಳಿಗಿಂತ ಎರಡು ವರ್ಷ ಮೊದಲು. ಆ ಲೆಕ್ಕದಲ್ಲಿ ಚಡ್ಡಾ ಪಾತ್ರದ ಬಗ್ಗೆ ನನ್ನ ತಕರಾರು ಏನೇ ಇದ್ದರೂ ಸರಣಿ ಕೈಯಿಟ್ಟದ್ದು ಹಸಿಯಾದ ಗಾಯದ ಮೇಲೆ.

ಪಶ್ಚಿಮ ಬಂಗಾಳದ ಪುರುಲಿಯಾದಲ್ಲಿ 1998ರ ಫೆಬ್ರವರಿಯಲ್ಲಿ ಬುಧನ್ ಶಬರ್ ಎಂಬ ಖೇಡಿಯಾ ಶಬರ ಯುವಕ ಬಂಧನದಲ್ಲಿ ಸತ್ತದ್ದನ್ನೂ ನೆನಪಿಸಬೇಕು. ಬಂಗಾಳಿ ಲೇಖಕಿ ಮಹಾಶ್ವೇತಾ ದೇವಿಯವರು ಆ ಸಾವನ್ನು ಹೈಕೋರ್ಟಿನವರೆಗೆ ಒಯ್ದರು. ಅದೇ ವರ್ಷ ಅವರು ಮತ್ತು ಭಾಷಾತಜ್ಞ ಗಣೇಶ ದೇವಿಯವರು ಸೇರಿ ವಿಮುಕ್ತ ಸಮುದಾಯಗಳ ಹಕ್ಕುಗಳಿಗಾಗಿ ಸಂಘಟನೆ ಕಟ್ಟಿದರು. ವಿಮುಕ್ತ ಛಾರಾ ಸಮುದಾಯದವರು ವಾಸಿಸುವ ಅಹಮದಾಬಾದಿನ ಛಾರಾನಗರದ ಯುವಕರು ಬುಧನ್‌ನ ಹೆಸರಿನಲ್ಲೇ ರಂಗತಂಡ ಆರಂಭಿಸಿ, ಪೊಲೀಸರ ಎದುರೂ ನಾಟಕ ಆಡಿದರು. ಗಣೇಶ ದೇವಿಯವರು ಮುಂದೆ, ಎಂ.ಎಂ. ಕಲಬುರ್ಗಿಯವರ ಹತ್ಯೆಯ ನಂತರ, ಧಾರವಾಡಕ್ಕೇ ಬಂದು ನೆಲೆಸಿದರು. ಹುಬ್ಬಳ್ಳಿಯ ಸ್ನೇಹಿತರು ಕೇಳಿದ ಆ ಐದು ನಿಮಿಷದ ಬದುಕು ಛಾರಾನಗರದ ನಾಟಕಗಳಲ್ಲಿದೆ.

ಮೈಸೂರಿನ ಓದುಗಿ

ಯಾರೂ ಲತಾಳ ಬಗ್ಗೆ ಹೆಚ್ಚು ಬರೆದಿಲ್ಲ. ಸರಣಿಯು ಬುಡಕಟ್ಟನ್ನು ಆರೋಪದಿಂದ ಬಿಡಿಸಿ ಅದನ್ನು ತಂದು ಇಟ್ಟದ್ದು ಯಾರ ತಲೆಯ ಮೇಲೆ? ಗಂಡನನ್ನೂ ಮಗನನ್ನೂ ಬಿಟ್ಟು ನಗರಕ್ಕೆ ಬಂದ, ಸಿರಿವಂತರ ಉಗುರು ತಿದ್ದುವ, ತನಗೂ ಅಂಥದೊಂದು ಬದುಕು ಬೇಕೆಂದು ಆಸೆಪಟ್ಟ ಹೆಣ್ಣಿನ ಮೇಲೆ. ಹೆಣ್ಣು ಆಸೆಪಟ್ಟರೆ ಹೀಗಾಗುತ್ತದೆ ಎಂಬ ನಮ್ಮ ಹಳೆಯ ಧಾರಾವಾಹಿಗಳ ಪಾಠಕ್ಕೂ ಇದಕ್ಕೂ ಎಷ್ಟು ಅಂತರವಿದೆ ಎಂದು ನಾನು ಯೋಚಿಸುತ್ತಲೇ ಇದ್ದೇನೆ. ತಿಲೋತ್ತಮಾ ಶೋಮ್ ಇಲ್ಲದಿದ್ದರೆ ಆ ಪಾತ್ರ ಬರೀ ರಾಕ್ಷಸಿಯಾಗಿ ಬಿಡುತ್ತಿತ್ತು.

ಚರ್ಚೆ ಆರಂಭಿಸಿದವರು

ಮೇಡಂ, ಈ ಮಾತಿಗೆ ಮಾತ್ರ ನನ್ನ ಒಪ್ಪಿಗೆ ಅರ್ಧ. ಲತಾ ಕೊಲೆಗಾರ್ತಿಯಾಗಿರುವುದು ಆಸೆಪಟ್ಟದ್ದಕ್ಕೆ ಸಿಕ್ಕ ಶಿಕ್ಷೆಯಂತೆ ನನಗೆ ಕಾಣಲಿಲ್ಲ. ಆಕೆ ತನ್ನ ಕೃತ್ಯಕ್ಕೆ ತಾನೇ ಹೊಣೆಯಾದವಳು. ಯೋಜಿಸುತ್ತಾಳೆ, ಆರಿಸುತ್ತಾಳೆ, ಕೊಲ್ಲುತ್ತಾಳೆ. ಪೊಲೀಸರು ಆಕೆಯನ್ನು ಹುಡುಕುವುದೂ ಕುಲದ ಮೂಲಕವಲ್ಲ, ಸಾಕ್ಷ್ಯದ ಮೂಲಕ, ಒಬ್ಬ ವ್ಯಕ್ತಿಯನ್ನು ಹುಡುಕಬೇಕಾದ ರೀತಿಯಲ್ಲಿ. ಬಸ್ತಿಯವರಿಗೆ ಆ ಮಟ್ಟಿನ ಗೌರವವೂ ಸಿಗಲಿಲ್ಲ ಎಂಬುದು ಆ ಹೋಲಿಕೆಯಲ್ಲೇ ಎದ್ದು ಕಾಣುತ್ತದೆ.

ಉಳಿದ ಅರ್ಧವನ್ನು ಒಪ್ಪುತ್ತೇನೆ. ದೆಹಲಿಯ ಸ್ನೇಹಿತರು ಹೇಳಿದ ಇನ್ನೊಂದು ಪಟ್ಟಿಯನ್ನು ಈ ಮುಕ್ತಾಯ ಬಲಪಡಿಸುವ ಅಪಾಯ ಇದ್ದೇ ಇದೆ. ಸರಣಿ ನೋಡಿ ಮುಗಿಸಿದ ಯಾವುದೋ ಬಡಾವಣೆಯ ಸಂಘದವರು ಮರುದಿನ ಪಾರ್ಲರ್ ಹುಡುಗಿಯರ ಆಧಾರ್ ಪ್ರತಿ ಕೇಳಲು ಶುರುಮಾಡಿದರೆ ಆಶ್ಚರ್ಯವಿಲ್ಲ. ಸರಣಿಯನ್ನು ಬರೆದವರಿಗೆ ಇದು ತಿಳಿಯದೆ ಇರಲಾರದು. ತಿಳಿದೂ ಅವರು ಅದಕ್ಕೆ ಒಂದು ದೃಶ್ಯವನ್ನೂ ಮೀಸಲಿಡಲಿಲ್ಲ. ಆ ಕೊರತೆಯನ್ನು ನಾನು ಮೊದಲ ಬರಹದಲ್ಲೇ ಹೇಳಬೇಕಿದ್ದಷ್ಟು ದೊಡ್ಡದೆಂದು ಈಗ ಭಾವಿಸುತ್ತೇನೆ.